ಅಬ್ದುಲ್ಲಾ ಇಬ್ರಾಹಿಂ: ಊರು ಹೋದರೂ ಉಳಿದ ರಾಗ

2024ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದ ಹಿರಿಯ ಜಾಝ್ ಪಿಯಾನೊ ವಾದಕ ಅಬ್ದುಲ್ಲಾ ಇಬ್ರಾಹಿಂ ಅವರ ‘3’ ಎಂಬ ಆಲ್ಬಂ ಹೊರಬಂತು. 2023ರ ಜುಲೈನಲ್ಲಿ ಲಂಡನ್ನಿನ ಬಾರ್ಬಿಕನ್ ಸಭಾಂಗಣದಲ್ಲಿ ಅದನ್ನು ಮುದ್ರಿಸಿಕೊಂಡಾಗ ಅವರಿಗೆ 88 ವರ್ಷ. ಮೊದಲ ಭಾಗವನ್ನು ಖಾಲಿ ಸಭಾಂಗಣದಲ್ಲಿ ನುಡಿಸಿದರು, ಎರಡನೆಯದನ್ನು ಸಂಜೆ ಕೇಳುಗರ ಮುಂದೆ. ಜೊತೆಗೆ ಇದ್ದವರು ಇಬ್ಬರೇ: ಕೊಳಲಿಗೆ ಕ್ಲೀವ್ ಗೈಟನ್, ಚೆಲ್ಲೊ ಮತ್ತು ಬಾಸ್‌ಗೆ ನೋವಾ ಜಾಕ್ಸನ್. ಡ್ರಮ್ಸ್ ಇಲ್ಲ. ಒಂದು ಸ್ವರ ಕರಗುವವರೆಗೆ ಕಾದು ಇನ್ನೊಂದನ್ನು ಮುಟ್ಟುವ ವಿಳಂಬದ ನಡೆ. ಜಾಝ್ ಎಂದರೆ ಅಬ್ಬರ ಎಂದುಕೊಂಡವರಿಗೆ ಇದು ಪ್ರಾರ್ಥನೆಯಂತೆ ಕೇಳಿಸಬಹುದು. ಈ ನಿಧಾನವನ್ನು ಬರೀ ವಯಸ್ಸಿನ ಲೆಕ್ಕಕ್ಕೆ ಬರೆದುಬಿಡುವಂತಿಲ್ಲ. ಅದರ ಹಿಂದೆ ಒಂದು ದೇಶದ ಚರಿತ್ರೆಯಿದೆ.

ಇಬ್ರಾಹಿಂ ಹುಟ್ಟಿದ್ದು 1934ರಲ್ಲಿ, ಕೇಪ್‌ಟೌನ್‌ನಲ್ಲಿ. ಆಗಿನ ಹೆಸರು ಅಡಾಲ್ಫ್ ಜೊಹಾನೆಸ್ ಬ್ರಾಂಡ್. ಚರ್ಚಿನ ಸ್ತೋತ್ರಗಳು, ಬಡಾವಣೆಗಳ ಮರಾಬಿ ಕುಣಿತದ ಸಂಗೀತ, ಬಂದರಿಗೆ ಬರುವ ಅಮೆರಿಕದ ನಾವಿಕರಿಂದ ಸಿಗುತ್ತಿದ್ದ ಜಾಝ್ ತಟ್ಟೆಗಳು, ಇವೆಲ್ಲ ಒಟ್ಟಿಗೇ ಕಿವಿಗೆ ಬಿದ್ದವು. ಮೊದಮೊದಲು ಅವರು ಪ್ರಸಿದ್ಧರಾದದ್ದು ‘ಡಾಲರ್ ಬ್ರಾಂಡ್’ ಎಂಬ ಹೆಸರಿನಿಂದ. 1960ರಲ್ಲಿ ಹ್ಯೂ ಮಸೆಕೆಲಾ, ಕಿಪ್ಪಿ ಮೊಕೆಟ್ಸಿ, ಜೋನಾಸ್ ಗ್ವಾಂಗ್ವಾ ಮುಂತಾದವರೊಂದಿಗೆ ‘ಜಾಝ್ ಎಪಿಸಲ್ಸ್’ ಎಂಬ ತಂಡವಾಗಿ ಅವರು ತಂದ ಧ್ವನಿಮುದ್ರಿಕೆಯನ್ನು ದಕ್ಷಿಣ ಆಫ್ರಿಕಾದ ಕಪ್ಪು ಸಂಗೀತಗಾರರ ಮೊದಲ ಜಾಝ್ ಎಲ್‌ಪಿ ಎಂದು ಗುರುತಿಸಲಾಗುತ್ತದೆ. ಆದರೆ ಅದೇ ವರ್ಷ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನರನ್ನು ಕೊಂದರು. ತುರ್ತುಸ್ಥಿತಿ ಬಂತು. ಜನ ಒಟ್ಟು ಸೇರುವುದೇ ಅಪಾಯವಾದ ಮೇಲೆ ಸಂಗೀತಕ್ಕೆ ಜಾಗವೆಲ್ಲಿ? ತಂಡ ಚದುರಿತು, ಹಲವರು ದೇಶ ಬಿಟ್ಟರು.

1962ರಲ್ಲಿ ಬ್ರಾಂಡ್ ಯುರೋಪಿಗೆ ಹೋದರು. ಮರುವರ್ಷ ಜ್ಯೂರಿಕ್‌ಗೆ ಬಂದಿದ್ದ ಡ್ಯೂಕ್ ಎಲಿಂಗ್ಟನ್ನರನ್ನು ಪಟ್ಟುಹಿಡಿದು ಇವರು ನುಡಿಸುತ್ತಿದ್ದ ಕ್ಲಬ್ಬಿಗೆ ಕರೆತಂದವರು ಗಾಯಕಿ ಬೀ ಬೆಂಜಮಿನ್, ಮುಂದೆ ಅವರ ಪತ್ನಿಯಾದವರು. ಎಲಿಂಗ್ಟನ್ ಮೆಚ್ಚಿ ಪ್ಯಾರಿಸ್ಸಿನಲ್ಲಿ ಇಬ್ಬರದನ್ನೂ ಧ್ವನಿಮುದ್ರಿಸಿದರು. ಬ್ರಾಂಡ್ ಅವರ ತಟ್ಟೆ ಬೇಗನೆ ಬಂದು ಹೆಸರು ತಂದುಕೊಟ್ಟಿತು. ಬೆಂಜಮಿನ್ನರ ಹಾಡುಗಳು ಬೆಳಕು ಕಂಡದ್ದು 1997ರಲ್ಲಿ! ದೇಶಭ್ರಷ್ಟರ ಕಥೆಯೊಳಗೂ ಹೆಣ್ಣಿನ ಕಥೆಗೆ ಇನ್ನಷ್ಟು ಕಾಯುವಿಕೆ ಎಂಬುದನ್ನು ಇಲ್ಲಿ ಮರೆಯಬಾರದು.

1968ರಲ್ಲಿ ಅವರು ಇಸ್ಲಾಂ ಸ್ವೀಕರಿಸಿ ಅಬ್ದುಲ್ಲಾ ಇಬ್ರಾಹಿಂ ಆದರು. ಅಷ್ಟರಲ್ಲಿ ಕೇಪ್‌ಟೌನ್‌ನ ಚಹರೆ ಬದಲಾಗತೊಡಗಿತ್ತು. ನಾನಾ ಮೂಲದ ಜನ ಕೂಡಿ ಬಾಳಿದ್ದ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಬಡಾವಣೆಯನ್ನು ಸರ್ಕಾರ 1966ರಲ್ಲಿ ಬಿಳಿಯರಿಗೆ ಮಾತ್ರ ಎಂದು ಘೋಷಿಸಿತು. ಮನೆಗಳನ್ನು ಬುಲ್ಡೋಜರ್ ಹಚ್ಚಿ ಕೆಡವಲಾಯಿತು. 60,000ಕ್ಕೂ ಹೆಚ್ಚು ಜನರನ್ನು ಒಕ್ಕಲೆಬ್ಬಿಸಿ ನಗರದಾಚೆಯ ಮರಳು ಬಯಲಿಗೆ ಅಟ್ಟಿದರು. ಹಾಗೆ ಎತ್ತಂಗಡಿಯಾದವರಿಗಾಗಿ ಎದ್ದ ಬಡಾವಣೆಗಳಲ್ಲಿ ಮ್ಯಾನೆನ್‌ಬರ್ಗ್ ಒಂದು.

1974ರಲ್ಲಿ ಕೇಪ್‌ಟೌನ್‌ನ ಒಂದು ಸ್ಟುಡಿಯೋದಲ್ಲಿ ಇಬ್ರಾಹಿಂ ಆ ಹೆಸರಿನ ರಾಗವನ್ನು ನುಡಿಸಿದರು. ಅಲ್ಲಿದ್ದುದು ಸುತ್ತಿಗೆಗಳಿಗೆ ಪಿನ್ನು ಚುಚ್ಚಿದ್ದ ಹಳೆಯ ಪಿಯಾನೊ. ಅದರ ಕಿಣಿಕಿಣಿ ನಾದದ ಮೇಲೆ ಬೇಸಿಲ್ ಕೊಟ್ಜಿಯ ಸ್ಯಾಕ್ಸಫೋನ್ ಹರಿಯಿತು. ನಮ್ಮವರು ಮನೋಧರ್ಮ ಎನ್ನುವಂಥ ಆ ಕ್ಷಣದ ಸೃಷ್ಟಿ ಅದು, 13 ನಿಮಿಷಕ್ಕೂ ಮೀರಿದ್ದು. ಧ್ವನಿಮುದ್ರಣಕ್ಕೆ ಬೆನ್ನಾಗಿ ನಿಂತವರು ರಶೀದ್ ವ್ಯಾಲಿ, ಜೋಹಾನ್ಸ್‌ಬರ್ಗಿನಲ್ಲಿ ‘ಕೊಹಿನೂರ್’ ಎಂಬ ಅಂಗಡಿ ನಡೆಸುತ್ತಿದ್ದ ಭಾರತೀಯ ಮೂಲದವರು. ತಟ್ಟೆ ಬಿಸಿ ದೋಸೆಯಂತೆ ಖರ್ಚಾಯಿತು. 80ರ ದಶಕದಲ್ಲಿ ವರ್ಣಭೇದ ವಿರೋಧಿ ಸಭೆಗಳಲ್ಲಿ ಅದು ಹೋರಾಟದ ಗೀತೆಯೇ ಆಗಿಹೋಯಿತು.

ವಾದ್ಯಗಳೇ ನುಡಿಯುವ ರಾಗವೊಂದು ಹೋರಾಟದ ಗೀತೆಯಾದದ್ದು ಹೇಗೆ? ಮಾತಿದ್ದರೆ ಸೆನ್ಸಾರ್‌ನವರು ಸಾಲು ಹಿಡಿದು ನಿಷೇಧಿಸಬಹುದು. ಕುಣಿಯಲು ಹಿತವಾದ ರಾಗದಲ್ಲಿ ಅವರು ಹುಡುಕುವುದಾದರೂ ಏನನ್ನು? ಇನ್ನೊಂದು ಮಾತೂ ಇದೆ. ಇಬ್ರಾಹಿಂ ಹೆಸರಿಸಿದ್ದು ಕಳೆದುಹೋದ ಡಿಸ್ಟ್ರಿಕ್ಟ್ ಸಿಕ್ಸನ್ನಲ್ಲ, ಜನರನ್ನು ತಂದು ಸುರಿದ ಮ್ಯಾನೆನ್‌ಬರ್ಗನ್ನು. ಹೋದದ್ದಕ್ಕೆ ಅಳುತ್ತ ಕೂರುವ ಬದಲು, ಇಲ್ಲೂ ಬದುಕಿದ್ದೇವೆ, ಇಲ್ಲೂ ಕುಣಿಯುತ್ತೇವೆ ಎಂಬ ದನಿ ಅದರಲ್ಲಿ ಜನರಿಗೆ ಕೇಳಿಸಿತು.

1976ರಲ್ಲಿ ಅವರು ಮತ್ತೆ ನ್ಯೂಯಾರ್ಕಿಗೆ ಹೊರಟರು. ಸ್ವದೇಶಕ್ಕೆ ಮರಳಿದ್ದು 1990ರಲ್ಲಿ ಮಂಡೇಲಾ ಬಿಡುಗಡೆಯಾದ ಬಳಿಕ. 1994ರಲ್ಲಿ ಮಂಡೇಲಾ ಅಧ್ಯಕ್ಷರಾದ ಸಮಾರಂಭದಲ್ಲಿ ನುಡಿಸಿದರು. ಸಂಗೀತ ಗೆದ್ದಿತು ಎಂದು ಇಲ್ಲಿಗೆ ಮುಗಿಸಿಬಿಡುವುದು ಸುಲಭ. ಆದರೆ ಡಿಸ್ಟ್ರಿಕ್ಟ್ ಸಿಕ್ಸ್‌ನ ಬಹುಭಾಗ ದಶಕಗಳ ಕಾಲ ಹಾಳುಬಿದ್ದೇ ಇತ್ತು. ಎತ್ತಂಗಡಿಯಾದ ಎಷ್ಟೋ ಮಂದಿ ಮರಳುವ ಮುನ್ನವೇ ತೀರಿಕೊಂಡರು. ರಾಗ ಯಾರಿಗೂ ಮನೆ ಕಟ್ಟಿಕೊಡಲಿಲ್ಲ. ಅಲ್ಲೊಂದು ಮನೆಯಿತ್ತು ಎಂಬುದನ್ನು ಮರೆಯಗೊಡಲಿಲ್ಲ, ಅಷ್ಟೆ.

ಹೊಸದಾಗಿ ಕೇಳುವವರು ಮೊದಲು 1974ರ ‘ಮ್ಯಾನೆನ್‌ಬರ್ಗ್’ ಕೇಳಿ, ಆಮೇಲೆ ‘3’ಕ್ಕೆ ಬನ್ನಿ. ಎಲಿಂಗ್ಟನ್ನರ ‘ಇನ್ ಎ ಸೆಂಟಿಮೆಂಟಲ್ ಮೂಡ್’ ಕೂಡ ಅದರಲ್ಲಿದೆ, 60 ವರ್ಷದ ಹಿಂದೆ ಜ್ಯೂರಿಕ್‌ನಲ್ಲಿ ಕೈಹಿಡಿದ ಹಿರಿಯನಿಗೆ ಸಲ್ಲಿಸಿದ ನಮಸ್ಕಾರದ ಹಾಗೆ. ಅಂದು ಊರಿಗೆ ಊರೇ ಕುಣಿದಿದ್ದ ಕೈಗಳು ಇಂದು ಒಂದೊಂದೇ ಸ್ವರವನ್ನು ಇಟ್ಟು ನಿಲ್ಲುತ್ತವೆ. ಆ ನಿಲುಗಡೆಗಳಲ್ಲಿ ಅವಸರಪಡದೆ ಕೂತು ಕೇಳಬೇಕು.