ಚೌರದ ಕತ್ತಿ ಮತ್ತು ಸಾಣೆಕಲ್ಲು: ಒಂದು ಸಣ್ಣ ಇತಿಹಾಸ

ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸದ ಒಂದು ಲೇಖನ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ನಾನು ಹಿಂಜರಿದೆ. ನಾನು ಓದಿದ್ದು ಬಿ.ಇ., ಮಾಡುವುದು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ನಮ್ಮ ಸೀಮೆಯ ಕೋಟೆ, ಕೆರೆ, ವೀರಗಲ್ಲುಗಳ ಬಗ್ಗೆ ಬರೆಯಲು ನನಗಿಂತ ಬಲ್ಲ ಗುರುಗಳಿದ್ದಾರೆ. ನನಗೆ ಗೊತ್ತಿರುವುದು ಒಂದು ಹಳೆಯ ಚೌರದ ಕತ್ತಿಯ ವಿಷಯ. ಅದನ್ನೇ ಬರೆಯುತ್ತೇನೆಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗಲಿ, ಬರೆಯಪ್ಪ" ಎಂದರು.

ಆ ಕತ್ತಿ ಹತ್ತನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ತಾತನದು. ನಮ್ಮೂರಿನ ಹಿರಿಯರಲ್ಲಿ ಬಹುಪಾಲು ಜನರ ಗಡ್ಡ, ತಲೆ ಆ ತಾತನ ಕೈಯಲ್ಲೇ ಆಗಿದ್ದು. ಅವರು ಹೋಗಿ ಬಹಳ ವರ್ಷವಾದ ಮೇಲೆ, ಹೋದ ವರ್ಷ ಅವರ ತಗಡಿನ ಪೆಟ್ಟಿಗೆ ಅಟ್ಟದ ಮೇಲೆ ಸಿಕ್ಕಿತು. ಒಳಗೆ ಒಂದು ಹಿತ್ತಾಳೆ ಬಟ್ಟಲು, ಬಿರುಕು ಬಿಟ್ಟ ಚರ್ಮದ ಪಟ್ಟಿ, ನಡುವೆ ಸವೆದು ಹಳ್ಳ ಬಿದ್ದ ಕಪ್ಪು ಕಲ್ಲು, ತುಕ್ಕು ಹಿಡಿದ ಒಂದು ಮಡಿಸುವ ಕತ್ತಿ ಇದ್ದವು. ಹಳೆಯ ಕತ್ತಿಗಳನ್ನು ಹುಡುಕಿ ತಂದು ಸಾಣೆ ಹಿಡಿಯುವುದು ಕೆಲವು ವರ್ಷಗಳಿಂದ ನನ್ನ ಹವ್ಯಾಸ. ಅದು ಗೊತ್ತಿದ್ದ ಗೆಳೆಯ ಪೆಟ್ಟಿಗೆಯನ್ನು ನನ್ನ ಕೈಗಿಟ್ಟು, "ಮಗನ ಜವಳ ಇದೆ ಕಣೋ, ಎರಡು ತಿಂಗಳಿಗೆ. ಮೊದಲ ಕೂದಲು ತಾತನ ಕತ್ತಿಯಿಂದಲೇ ತೆಗೀಬೇಕು ಅಂತ ಅಪ್ಪನ ಆಸೆ. ನೋಡು, ಹಾಳು ಮಾಡ್ಬೇಡ" ಎಂದ.

ಈಗ ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಇಂಥ ಕತ್ತಿಯನ್ನು ನೋಡಿರಲಾರರು. ಬ್ಲೇಡ್ ಹಾಕಿ ಬಿಸಾಡುವ ಕತ್ತಿ ಇದಲ್ಲ. ಇಡೀ ಅಲಗೇ ಒಂದು ಉಕ್ಕಿನ ತುಂಡು. ಬೆನ್ನು ದಪ್ಪ, ಎರಡೂ ಕೆನ್ನೆಗಳು ಒಳಕ್ಕೆ ಬಾಗಿ ಬಾಯಿಯ ಕಡೆಗೆ ಬರುಬರುತ್ತ ಕಾಗದದಷ್ಟು ತೆಳು. ಕೋಡಿನ ಹಿಡಿಯೊಳಗೆ ಮಡಚಿಕೊಳ್ಳುತ್ತದೆ. ಮೊಂಡಾದರೆ ಕಲ್ಲಿಗೆ ಹಾಕಬೇಕು, ದಿನವೂ ಚರ್ಮಕ್ಕೆ ಎಳೆಯಬೇಕು. ಹಾಗೆ ನೋಡಿಕೊಂಡರೆ ಮೂರು ತಲೆಮಾರು ಬಾಳುತ್ತದೆ.

ಸೀಮೆಎಣ್ಣೆಯಲ್ಲಿ ನೆನೆಸಿ, ನಯವಾದ ಎಮರಿ ಕಾಗದದಿಂದ ಒಂದು ವಾರ ಉಜ್ಜಿದ ಮೇಲೆ ಅಲಗಿನ ಬುಡದಲ್ಲಿ ಅಕ್ಷರಗಳು ಕಂಡವು. ತಯಾರಿಸಿದವರ ಹೆಸರನ್ನು ತುಕ್ಕು ತಿಂದಿತ್ತು. ಉಳಿದಿದ್ದು ಎರಡೇ ಪದ: ಸೋಲಿಂಗೆನ್, ಜರ್ಮನಿ.

ಆ ಎರಡನೆಯ ಪದಕ್ಕೆ ಒಂದು ಜಗಳದ ಕಥೆಯಿದೆ. ಇಂಗ್ಲೆಂಡಿನ ಶೆಫೀಲ್ಡ್ ಚಾಕು, ಕತ್ತರಿ, ಚೌರದ ಕತ್ತಿಗಳಿಗೆ ಹೆಸರಾದ ಊರು. ಅಲ್ಲಿನ ಕಸುಬುದಾರರ ಸಂಘ 1624ರಷ್ಟು ಹಳೆಯದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಜರ್ಮನಿಯ ಸೋಲಿಂಗೆನ್ ಅದಕ್ಕೆ ಸಮನಾಗಿ ನಿಂತಿತು. ಜರ್ಮನಿಯಲ್ಲಾದ ಮಾಲಿಗೆ ಶೆಫೀಲ್ಡ್ ಎಂದು ಮುದ್ರೆ ಒತ್ತಿ ಮಾರುತ್ತಾರೆಂದು ಶೆಫೀಲ್ಡಿನವರು ದೂರಿದರು. ಬ್ರಿಟಿಷ್ ಸಂಸತ್ತು 1887ರಲ್ಲಿ ಸರಕಿನ ಮುದ್ರೆಗಳ ಕಾಯಿದೆ ತಂದು, ಹೊರಗಿನಿಂದ ಬರುವ ಇಂಥ ಸರಕಿನ ಮೇಲೆ ಅದು ಎಲ್ಲಿಯದೆಂದು ಕಾಣಬೇಕೆಂದಿತು. ಕಳಪೆ ಎಂದು ತೋರಿಸಲು ಹೊಡೆಸಿದ 'ಜರ್ಮನಿ' ಮುದ್ರೆ ಕೆಲವೇ ವರ್ಷಗಳಲ್ಲಿ ಒಳ್ಳೆಯ ಮಾಲಿನ ಗುರುತಾಯಿತು. 1938ರಲ್ಲಿ ಜರ್ಮನಿಯೇ ಕಾನೂನು ಮಾಡಿ ಸೋಲಿಂಗೆನ್ ಹೆಸರನ್ನು ಆ ಊರಿನ ಸರಕಿಗೆ ಮಾತ್ರ ಮೀಸಲಿಟ್ಟಿತು. ತಾತನ ಕತ್ತಿ 1887ರ ನಂತರದ್ದೆಂದು ನಾನು ಊಹಿಸಿದ್ದು ಆ ಒಂದು ಪದದಿಂದ.

ಚೌರದ ಕತ್ತಿಯ ಇತಿಹಾಸವನ್ನು ಓದುತ್ತ ಹೋದಾಗ ನಾನು ನಿರೀಕ್ಷಿಸದ ಒಂದು ಪದ ಎದುರಾಯಿತು. ಅದು ನಮ್ಮದೇ ಪದ, ಉಕ್ಕು. 1790ರ ದಶಕದಲ್ಲಿ ಮುಂಬಯಿಯಲ್ಲಿದ್ದ ಹೆಲೆನಸ್ ಸ್ಕಾಟ್ ಎಂಬ ವೈದ್ಯರು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್ ಅವರಿಗೆ ಇಲ್ಲಿನ ಉಕ್ಕಿನ ಗಟ್ಟಿಗಳನ್ನು ಕಳಿಸಿದರು. ಜಾರ್ಜ್ ಪಿಯರ್ಸನ್ ಅದನ್ನು ಪರೀಕ್ಷಿಸಿ 1795ರಲ್ಲಿ ಪ್ರಬಂಧ ಬರೆದರು. ಅದರಲ್ಲಿ ಆ ಲೋಹದ ಹೆಸರು 'ವೂಟ್ಜ್'. ನಮ್ಮ 'ಉಕ್ಕು' ಎಂಬ ಪದವೇ ಇಂಗ್ಲಿಷರ ಬಾಯಿ, ಬರಹಗಳಲ್ಲಿ ತಿರುಚಿ ಹಾಗಾಯಿತೆಂದು ವಿದ್ವಾಂಸರು ಹೆಚ್ಚಾಗಿ ಒಪ್ಪುತ್ತಾರೆ. ಇನ್ನೊಂದು ತಮಾಷೆ: ಪ್ರಬಂಧದ ಶೀರ್ಷಿಕೆಯಲ್ಲೇ ಈ ಉಕ್ಕು ಮುಂಬಯಿಯಲ್ಲಿ ತಯಾರಾಗುವುದೆಂದಿದೆ! ಹಡಗು ಹತ್ತಿದ ಊರೇ ಹುಟ್ಟಿದ ಊರಾಗಿಬಿಟ್ಟಿತು. ಉಕ್ಕು ತಯಾರಾಗುತ್ತಿದ್ದದ್ದು ಮೈಸೂರು, ಸೇಲಂ, ಗೋಲ್ಕೊಂಡದ ಸೀಮೆಗಳಲ್ಲಿ.

ಇದಾದ ಕೆಲವೇ ವರ್ಷಕ್ಕೆ, 1800–01ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಸುತ್ತಿದ. ಅವನ ಪ್ರವಾಸದ ಪುಸ್ತಕ 1807ರಲ್ಲಿ ಅಚ್ಚಾಯಿತು. ಅದರಲ್ಲಿ ನಮ್ಮ ತುಮಕೂರು ಜಿಲ್ಲೆಯ ಚನ್ನರಾಯನದುರ್ಗದ ಉಕ್ಕಿನ ಕುಲುಮೆಗಳ ವಿವರವಿದೆ. ಮಾಗಡಿ ಸೀಮೆಯ ಕುಲುಮೆಗಳದ್ದೂ ಇದೆ. ಮೆದು ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ, ಹಸಿ ಎಲೆಗಳ ಜೊತೆ ಮಣ್ಣಿನ ಮೂಸೆಯಲ್ಲಿಟ್ಟು ಬಾಯಿ ಮುಚ್ಚಿ ಸುಡುತ್ತಿದ್ದರು. ಕಡ್ಡಿ ಸುಟ್ಟು ಇದ್ದಿಲಾಗಿ, ಅದರ ಇಂಗಾಲ ಕಬ್ಬಿಣಕ್ಕೆ ಸೇರಿ ಗಟ್ಟಿ ಉಕ್ಕಾಗುತ್ತಿತ್ತು. ನಾವು ಆಡಿನ ಹಿಂದೆ ಓಡುತ್ತ ಮುರಿದು ಬಿಸಾಡುತ್ತಿದ್ದ ಆ ತಂಗಡಿ! ಚನ್ನಪಟ್ಟಣದಲ್ಲಿ ಉಕ್ಕಿನಿಂದ ವಾದ್ಯಗಳ ತಂತಿ ಎಳೆಯುತ್ತಿದ್ದುದನ್ನೂ ಬುಕಾನನ್ ಬರೆದಿದ್ದಾನೆ. ಆದರೆ ಮೂಸೆಯ ಮುಂದೆ ತಿದಿ ಒತ್ತಿದವರ ಹೆಸರು ಅಲಗಿನ ಮೇಲೆ ಬೀಳುವಂಥದ್ದಲ್ಲ.

ಲಂಡನ್ನಿನ ಜೇಮ್ಸ್ ಸ್ಟೋಡಾರ್ಟ್ ಶಸ್ತ್ರಚಿಕಿತ್ಸೆಯ ಉಪಕರಣ ಮತ್ತು ಚೌರದ ಕತ್ತಿ ಮಾಡುವ ಕುಶಲಿ. ಪಿಯರ್ಸನ್ನರಿಗೆ ಈ ಉಕ್ಕನ್ನು ಬಡಿದು ನೋಡಿಕೊಟ್ಟವನು ಅವನೇ. ಅವನಿಗೆ ಅದು ಎಷ್ಟು ಹಿಡಿಸಿತೆಂದರೆ ತನ್ನ ಅಂಗಡಿಯ ಚೀಟಿಯಲ್ಲೇ ವೂಟ್ಜ್ ಹೆಸರು ಹಾಕಿಸಿದ. ಅದರ ಗುಟ್ಟು ತಿಳಿಯಬೇಕೆಂದು 1818ರ ಸುಮಾರಿಗೆ ಮೈಕೆಲ್ ಫ್ಯಾರಡೆ ಜೊತೆ ಸೇರಿದ. ವಿಜ್ಞಾನ ಪಾಠದಲ್ಲಿ ನಾವು ಓದಿದ, ವಿದ್ಯುತ್ತಿನ ಫ್ಯಾರಡೆಯೇ ಇವನು. ವಿದ್ಯುತ್ತಿನಲ್ಲಿ ಹೆಸರು ಮಾಡುವ ಮೊದಲು ನಮ್ಮ ಉಕ್ಕಿನ ಬೆನ್ನು ಹತ್ತಿದ್ದ. ಉಕ್ಕಿಗೆ ಬೆಳ್ಳಿ, ಪ್ಲಾಟಿನಂ ಎಲ್ಲ ಬೆರೆಸಿ ನೋಡಿದರು. 500ಕ್ಕೆ ಒಂದು ಪಾಲು ಬೆಳ್ಳಿ ಬೆರೆತ ಉಕ್ಕು ಚೆನ್ನಾಗಿದೆಯೆಂದರು. ಫ್ಯಾರಡೆ ಇಂಥ ಉಕ್ಕಿನ ಚೌರದ ಕತ್ತಿಗಳನ್ನು ಸ್ನೇಹಿತರಿಗೆ ಹಂಚಿದ್ದುಂಟು. ಮುಂದೆ 'ಸಿಲ್ವರ್ ಸ್ಟೀಲ್' ಎಂದು ಮುದ್ರೆ ಹೊತ್ತ ಶೆಫೀಲ್ಡ್ ಕತ್ತಿಗಳು ಮಾರುಕಟ್ಟೆಗೆ ಬಂದವು. ಹಳೆಯ ಕತ್ತಿ ಕೊಳ್ಳುವವರು ಇಂದಿಗೂ ಆ ಮುದ್ರೆ ಕಂಡರೆ ಹೆಚ್ಚು ದುಡ್ಡು ಬಿಚ್ಚುತ್ತಾರೆ.

ಶೆಫೀಲ್ಡಿನ ವೈಭವದ ಇನ್ನೊಂದು ಮುಖವನ್ನೂ ಹೇಳಬೇಕು. ಸಾಣೆಯ ಚಕ್ರದ ಮುಂದೆ ಬಗ್ಗಿ ಕೂತವರ ಪುಪ್ಪುಸಕ್ಕೆ ಕಲ್ಲಿನ, ಉಕ್ಕಿನ ಧೂಳು ತುಂಬುತ್ತಿತ್ತು. ನೀರು ಹಾಕದೆ ಒಣ ಸಾಣೆ ಹಿಡಿಯುವವರ ಸರಾಸರಿ ಆಯುಷ್ಯ 35 ಮುಟ್ಟುವುದೂ ಕಷ್ಟ ಎಂದು ಅಲ್ಲಿನ ವೈದ್ಯ ಡಾ. ನೈಟ್ ಬರೆದಿದ್ದನ್ನು ಎಂಗೆಲ್ಸ್ ತನ್ನ 1845ರ ಪುಸ್ತಕದಲ್ಲಿ ಉದ್ಧರಿಸಿದ್ದಾನೆ. ಅದನ್ನು ಓದಿದಾಗ ನನ್ನ ವಯಸ್ಸೂ ಅಷ್ಟೇ ಇತ್ತು. ಅಂದಿನಿಂದ ಮೂಗಿಗೆ ಬಟ್ಟೆ ಕಟ್ಟದೆ ಎಮರಿ ಕಾಗದ ಮುಟ್ಟಿಲ್ಲ.

ಇನ್ನು ಕಲ್ಲಿನ ವಿಷಯ. ನಮ್ಮ ಹವ್ಯಾಸದವರಿಗೆ ಕತ್ತಿಗಿಂತ ಕಲ್ಲಿನ ಹುಚ್ಚು ದೊಡ್ಡದು. ಬೆಲ್ಜಿಯಂನ ಆರ್ಡೆನ್ಸ್ ಬೆಟ್ಟಗಳಲ್ಲಿ ಕೊಟಿಕ್ಯೂಲ್ ಎಂಬ ತೆಳು ಹಳದಿ ಕಲ್ಲು ಸಿಗುತ್ತದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾರ್ನೆಟ್ ಹರಳುಗಳಿವೆ. ಉಕ್ಕನ್ನು ಸವೆಸುವುದು ಅವೇ. ಜರ್ಮನಿಯ ತುರಿಂಗಿಯಾ, ಜಪಾನಿನ ಕ್ಯೋಟೋ ಬಳಿಯ ಗಣಿಗಳ ಕಲ್ಲುಗಳೂ ಹೆಸರಾದವು. 1891ರಲ್ಲಿ ಅಮೆರಿಕದ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೋಗಿ ಸಿಲಿಕಾನ್ ಕಾರ್ಬೈಡ್ ಪಡೆದ. ಕಾರ್ಬೊರಂಡಂ ಎಂದು ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು ಅದೇ. ನನ್ನ ಬಳಿ ಇರುವುವು 1000ದಿಂದ 8000 ಸಂಖ್ಯೆಯವರೆಗಿನ ಕೃತಕ ಕಲ್ಲುಗಳು. ಸಂಖ್ಯೆ ಹೆಚ್ಚಿದಷ್ಟೂ ಕಲ್ಲು ನಯ.

ಚೌರದ ಕತ್ತಿಯನ್ನು ಕಲ್ಲಿಗೆ ಹಾಕುವಾಗ ಬೆನ್ನು, ಬಾಯಿ ಎರಡೂ ಕಲ್ಲನ್ನು ತಾಗಿಯೇ ಇರಬೇಕು. ಮಾಮೂಲಿ ಅಳತೆಯ ಕತ್ತಿಯ ಅಗಲ 19 ಮಿ.ಮೀ. ಎಂದಿಟ್ಟುಕೊಳ್ಳಿ, ಬೆನ್ನಿನ ದಪ್ಪ 5.5 ಮಿ.ಮೀ.; ಹತ್ತನೇ ತರಗತಿಯ ತ್ರಿಕೋನಮಿತಿ ಹಾಕಿದರೆ ಬಾಯಿಯ ಕೋನ ಸುಮಾರು 16.5 ಡಿಗ್ರಿ ಬರುತ್ತದೆ. ಕೈ ಕೋನವನ್ನು ಹುಡುಕಬೇಕಿಲ್ಲ, ಬೆನ್ನಿನ ದಪ್ಪವೇ ಅದನ್ನು ಕಾಯುತ್ತದೆ. ಕಲ್ಲಿನ ಮೇಲೆ ಬಾಯಿ ಮುಂದಾಗಿ ತಳ್ಳಬೇಕು, ಚರ್ಮದ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು. ಯಾವ ಕಾರಣಕ್ಕೂ ಕರೆಂಟಿನ ಚಕ್ರಕ್ಕೆ ಹಿಡಿಯಬಾರದು. ತೆಳು ಬಾಯಿ ಕ್ಷಣದಲ್ಲಿ ಕಾದು ನೀಲಿ ತಿರುಗಿದರೆ ಹದ ಹೋಯಿತು, ಮತ್ತೆ ಬರುವುದಿಲ್ಲ.

ಇಷ್ಟೆಲ್ಲ ತಿಳಿದಿದ್ದೂ ನಾನು ತಾತನ ಕತ್ತಿಯಲ್ಲಿ ತಪ್ಪಿದೆ. 1000ದ ಕಲ್ಲನ್ನು ಚಪ್ಪಟೆ ಮಾಡಿಕೊಂಡು ಅರ್ಧ ಗಂಟೆ ಉಜ್ಜಿದರೂ ಬಾಯಿಯ ನಡುಭಾಗ ಮಾತ್ರ ಹೊಳೆಯಿತು. ತುದಿ, ಬುಡ ಎರಡೂ ಕಲ್ಲನ್ನು ಮುಟ್ಟಿರಲೇ ಇಲ್ಲ. ಅಲಗು ಡೊಂಕಾಗಿದೆ, ಸಮ ಮಾಡಿಬಿಡೋಣ ಎಂದು ಒತ್ತಡ ಹಾಕತೊಡಗಿದೆ. ಇನ್ನೊಂದು ಗಂಟೆ ಹಾಗೇ ಮಾಡಿದ್ದರೆ ನಡುವಿನ ಒಂದು ಮಿಲಿಮೀಟರ್ ಉಕ್ಕು ಹೋಗುತ್ತಿತ್ತು. ಅಷ್ಟರಲ್ಲಿ ಪೆಟ್ಟಿಗೆಯಲ್ಲಿದ್ದ ಕಪ್ಪು ಕಲ್ಲಿನ ನೆನಪಾಯಿತು. ತೆಗೆದು ಅದರ ಹಳ್ಳದಲ್ಲಿ ಕತ್ತಿಯನ್ನಿಟ್ಟರೆ ಬುಡದಿಂದ ತುದಿಯವರೆಗೆ ಹೇಳಿ ಮಾಡಿಸಿದಂತೆ ಕೂತಿತು. ಆ ಕಲ್ಲು ಕತ್ತಿಯನ್ನು ಸವೆಸಿತ್ತು, ಕತ್ತಿ ಕಲ್ಲನ್ನು ಸವೆಸಿತ್ತು. ಸೋಲಿಂಗೆನ್ನಿನಿಂದ ನೇರವಾಗಿ ಬಂದಿದ್ದ ಬಾಯಿಯನ್ನು ನಮ್ಮೂರಿನ ಜಗಲಿಯ ಮೇಲೆ ತಾತ ನಲವತ್ತು ವರ್ಷ ತಿದ್ದಿ ಬಿಲ್ಲಿನಂತೆ ಬಾಗಿಸಿದ್ದರು. ನಾನು ಡೊಂಕು ಎಂದುಕೊಂಡು ಅಳಿಸಲು ಹೊರಟಿದ್ದು ಅವರ ಕೈಬರಹವನ್ನು.

ಆಮೇಲೆ ದಾರಿ ಬದಲಿಸಿದೆ. ಬಾಯಿಗೆ ಮಾರ್ಕರ್ ಮಸಿ ಬಳಿದು, ಎಲ್ಲಿ ಮಸಿ ಹೋಗುತ್ತದೆಂದು ಭೂತಗನ್ನಡಿಯಲ್ಲಿ ನೋಡುತ್ತ, ಒತ್ತಡ ಹಾಕದೆ, ಬುಡದಿಂದ ತುದಿಗೆ ಮಣಿಕಟ್ಟನ್ನು ಹೊರಳಿಸುತ್ತ ಎಳೆಯುವುದನ್ನು ಅಭ್ಯಾಸ ಮಾಡಿದೆ. ಮೂರು ವಾರ ಹಿಡಿಯಿತು. ತುದಿಯ ಹತ್ತಿರ ಇದ್ದ ಎರಡು ಸಣ್ಣ ಮುಕ್ಕುಗಳಲ್ಲಿ ಒಂದು ಹೋಯಿತು. ಇನ್ನೊಂದನ್ನು ತೆಗೆಯಲು ಬಹಳ ಉಕ್ಕು ಕಳೆಯಬೇಕಿತ್ತು, ಹಾಗೇ ಬಿಟ್ಟೆ. 8000ದ ಕಲ್ಲು, ಹೊಸ ಚರ್ಮದ ಪಟ್ಟಿ ಆದ ಮೇಲೆ ಹಿಡಿದು ನಿಲ್ಲಿಸಿದ ಒಂದು ಕೂದಲು ಬಾಯಿಗೆ ತಾಗುತ್ತಲೇ ಸದ್ದಿಲ್ಲದೆ ತುಂಡಾಯಿತು.

ತಾತನ ದಿನಚರಿಯನ್ನು ಗೆಳೆಯನ ತಂದೆಯಿಂದ ಕೇಳಿ ತಿಳಿದೆ. ಮಂಗಳವಾರ ಕ್ಷೌರವಿಲ್ಲ, ಅಂದು ಕಲ್ಲಿನ ಕೆಲಸ. ಪಟ್ಟಿ ಇಲ್ಲದ ಕಡೆ ಅಂಗೈಗೇ ಎಳೆದುಕೊಳ್ಳುತ್ತಿದ್ದರು. ಹಿಂದಿನ ಹನ್ನೆರಡು ಆಯಗಾರರಲ್ಲಿ ಕ್ಷೌರಿಕರೂ ಒಬ್ಬರಷ್ಟೆ. ವರ್ಷದ ಕೆಲಸಕ್ಕೆ ಕಣದಲ್ಲಿ ರಾಗಿ ಅಳೆದುಕೊಡುತ್ತಿದ್ದರು. ಮದುವೆಗೆ, ಸಾವಿಗೆ ಅವರು ಬಾರದೆ ಆಗುತ್ತಿರಲಿಲ್ಲ. ಆದರೂ ಅವರಿಗೆ ಜಗಲಿಯಿಂದಾಚೆ ಒಳಗೆ ಕರೆಯಿರಲಿಲ್ಲ. ಅವರ ಪೆಟ್ಟಿಗೆ ಊರಾಚೆಯ ಕೇರಿಗೆ ಹೋಗದಂತೆ ಊರು ಕಟ್ಟುಪಾಡು ಹಾಕಿತ್ತು. ಆ ಕೇರಿಯ ನನ್ನ ಸಹಪಾಠಿಗಳು ಕೂದಲು ಕತ್ತರಿಸಿಕೊಳ್ಳಲು ಬಸ್ಸು ಹತ್ತಿ ತಾಲ್ಲೂಕಿಗೆ ಹೋಗುತ್ತಿದ್ದರು. ಒಂದೇ ಬೆಂಚಿನಲ್ಲಿ ಕೂತಿದ್ದ ನಾನು ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ. ನಮ್ಮ ಶಾಲೆಯ ಐವತ್ತು ವರ್ಷದ ಇತಿಹಾಸದಲ್ಲಿ ಇದೂ ಒಂದು ಸಾಲು ಇರಲಿ ಎಂದು ಬರೆದಿದ್ದೇನೆ.

ಈ ಕತ್ತಿಗಳ ಕಾಲ ಮುಗಿಯತೊಡಗಿದ್ದು ಅಮೆರಿಕದಲ್ಲಿ. ಬಳಸಿ ಬಿಸಾಡುವ ಬ್ಲೇಡಿಗೆ ಕಿಂಗ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಅವನ ಕಂಪನಿ 35 ಲಕ್ಷ ರೇಜರುಗಳನ್ನು ಒದಗಿಸಿತು. ನಮ್ಮೂರಿಗೆ ಆ ಗಾಳಿ ಬಂದದ್ದು ಬಹಳ ತಡವಾಗಿ, ಏಡ್ಸ್ ಬಗ್ಗೆ ಗೋಡೆಬರಹಗಳು ಬಂದ ಕಾಲಕ್ಕೆ. ಒಬ್ಬೊಬ್ಬರಿಗೂ ಹೊಸ ಬ್ಲೇಡು ಮುರಿದು ಹಾಕುವ ಕತ್ತಿ ಬಂತು. ಅದು ಬರಬೇಕಾದದ್ದೇ. ತಾತ ಹಳೆಯದನ್ನು ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಟ್ಟರು.

ಜವಳದ ದಿನ ಕತ್ತಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ ಕೊಟ್ಟೆ. ಮಗುವಿನ ಚರ್ಮಕ್ಕೆ ತಾಗಿಸಬಾರದೆಂದು ಮೊದಲೇ ಮಾತಾಗಿತ್ತು. ಗೆಳೆಯನ ತಂದೆ ಕತ್ತಿಯನ್ನು ಬಿಚ್ಚಿ, ಯಾರ ಕಡೆಯೂ ನೋಡದೆ ಅಂಗೈಗೆ ನಾಲ್ಕು ಸಲ ಎಳೆದುಕೊಂಡರು. ನೆತ್ತಿಯ ಒಂದು ಎಳೆಯನ್ನು ಬೆರಳಲ್ಲಿ ಎತ್ತಿ ಹಿಡಿದು ಕೊಯ್ದರು. ಉಳಿದ ಕೂದಲನ್ನು ಅಂಗಡಿಯ ಹುಡುಗ ಹೊಸ ಬ್ಲೇಡಿನಲ್ಲಿ ತೆಗೆದ. ಊಟವಾದ ಮೇಲೆ ಅವರು ನನ್ನ ಹತ್ತಿರ ಬಂದು, "ಚೆನ್ನಾಗೈತೆ. ತುದಿ ಇನ್ನೊಂಚೂರು ಎಳೀಬೇಕಿತ್ತಪ್ಪ" ಎಂದು, ತಾತನ ಕಪ್ಪು ಕಲ್ಲಿಗೆ ನೀರು ಚಿಮುಕಿಸಿ ಜಗಲಿಯ ಮೇಲೆ ಕೂತರು. ಬಸ್ ಕಂಡಕ್ಟರಾಗಿ ನಿವೃತ್ತರಾದ ಅವರು ಕಲ್ಲು ಮುಟ್ಟಿ ನಲವತ್ತು ವರ್ಷವಾಗಿರಬೇಕು. ನಾನು ಮೂರು ವಾರ ಹುಡುಕಿದ ಮಣಿಕಟ್ಟಿನ ಆ ಹೊರಳು ಅವರ ಕೈಯಲ್ಲಿ ಮೊದಲ ಎಳೆತಕ್ಕೇ ಬಂತು.