ವಾಲ್ಟರನ ಮುತ್ತಜ್ಜ ಯಾರು?

2003ರಲ್ಲಿ, ಒಂಬತ್ತನೇ ತರಗತಿಯಲ್ಲಿದ್ದಾಗ, ನಮ್ಮ ಶಾಲೆಯ ಭಿತ್ತಿಪತ್ರಿಕೆಗೆ ನಾನೊಂದು ಲೇಖನ ಬರೆದೆ. ಲೈಬ್ರರಿಯ ಬೀರುವಿನಲ್ಲಿ ಡಿ.ವಿ.ಜಿ.ಯವರು ಕನ್ನಡಕ್ಕೆ ತಂದ ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಸಿಕ್ಕಿತ್ತು. ಅರ್ಧ ಅರ್ಥವಾಗಿತ್ತು, ಅರ್ಧ ಆಗಿರಲಿಲ್ಲ. ಆದರೆ ಒಂದು ಸಂಗತಿ ತಲೆಯಲ್ಲಿ ಕೂತುಬಿಟ್ಟಿತು. ಸೇನಾಪತಿ ಬ್ಯಾಂಕೋ ತಾನು ದೊರೆಯಾಗುವುದಿಲ್ಲ, ಅವನ ವಂಶದವರು ಆಗುತ್ತಾರೆ ಎಂದು ಮಾಟಗಾತಿಯರು ಹೇಳುತ್ತಾರೆ. ಬ್ಯಾಂಕೋನ ಕೊಲೆಯಾಗುತ್ತದೆ, ಮಗ ಫ್ಲಿಯಾನ್ಸ್ ತಪ್ಪಿಸಿಕೊಳ್ಳುತ್ತಾನೆ. ನಾನು ಅದನ್ನೇ ಹಿಡಿದು ‘ಸ್ಟುವರ್ಟ್ ದೊರೆಗಳ ಮೂಲಪುರುಷ ಬ್ಯಾಂಕೋ’ ಎಂದು ಎರಡು ಪುಟ ಬರೆದೆ.

ಸಮಾಜ ವಿಜ್ಞಾನದ ಮೇಷ್ಟ್ರು ಓದಿ, “ಇದಕ್ಕೆ ಆಧಾರ ಏನೋ?” ಎಂದರು.

“ನಾಟಕದಲ್ಲಿದೆ ಸಾರ್.”

“ನಾಟಕ ಬರೆದವನಿಗೆ ಯಾರು ಹೇಳಿದರು?”

ನನ್ನ ಹತ್ತಿರ ಉತ್ತರವಿರಲಿಲ್ಲ. ಲೇಖನ ಭಿತ್ತಿಪತ್ರಿಕೆಗೆ ಏರಲಿಲ್ಲ. ಸುವರ್ಣ ಮಹೋತ್ಸವದ ಸಂಚಿಕೆಗೆ ಏನಾದರೂ ಬರೆದುಕೊಡು ಎಂದು ಗೆಳೆಯರು ಕೇಳಿದಾಗ ಮೊದಲು ನೆನಪಾದದ್ದು ಆ ಬಾಕಿ ಉತ್ತರ.

ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, 2017ರಲ್ಲಿ ಕಂಪನಿಯವರು ನನ್ನನ್ನು ಎಂಟು ತಿಂಗಳು ಗ್ಲಾಸ್ಗೋಗೆ ಕಳುಹಿಸಿದರು. ಅಲ್ಲಿಂದ ರೈಲಿನಲ್ಲಿ ಹತ್ತು ನಿಮಿಷ ಹೋದರೆ ಪೈಸ್ಲಿ ಎಂಬ ಊರು. ಒಂದು ಭಾನುವಾರ ಸುಮ್ಮನೆ ಹೋದೆ. ಅಲ್ಲಿ ದೊಡ್ಡದೊಂದು ಹಳೆಯ ಮಠವಿದೆ, ಈಗ ಚರ್ಚ್. ಕಟ್ಟಿಸಿದವನ ಹೆಸರು ವಾಲ್ಟರ್ ಫಿಟ್ಸ್ ಅಲನ್, ಸ್ಕಾಟ್ಲೆಂಡಿನ ದೊರೆಯ ಸ್ಟೀವರ್ಡ್, ಅಂದರೆ ಅರಮನೆಯ ಪಾರುಪತ್ಯಗಾರ. ಆ ಹುದ್ದೆಯ ಹೆಸರೇ ಮುಂದೆ ಮನೆತನದ ಹೆಸರಾಗಿ ಸ್ಟೀವರ್ಟ್, ಆಮೇಲೆ ಸ್ಟುವರ್ಟ್ ಆಯಿತು. ನಾನು ಒಂಬತ್ತನೇ ತರಗತಿಯಲ್ಲಿ ಬ್ಯಾಂಕೋನ ಮನೆಗೆ ಸೇರಿಸಿದ್ದ ವಂಶದ ನಿಜವಾದ ಹಿರಿಯ ಇವನು.

ಮೇಷ್ಟ್ರ ಎರಡನೇ ಪ್ರಶ್ನೆಗೆ ಉತ್ತರ ಸುಲಭವಾಗಿ ಸಿಕ್ಕಿತು. ಷೇಕ್ಸ್‌ಪಿಯರನಿಗೆ ಹೇಳಿದವನು ಹಾಲಿನ್‌ಷೆಡ್, ಅವನ ಇತಿಹಾಸ ಗ್ರಂಥ 1577ರಲ್ಲಿ ಬಂತು. ಹಾಲಿನ್‌ಷೆಡ್‌ಗೆ ಹೇಳಿದವನು ಹೆಕ್ಟರ್ ಬೋಯಿಸ್, 1527ರಲ್ಲಿ ಲ್ಯಾಟಿನ್‌ನಲ್ಲಿ ಸ್ಕಾಟ್ಲೆಂಡಿನ ಇತಿಹಾಸ ಬರೆದ ವಿದ್ವಾಂಸ. ಬೋಯಿಸ್‌ಗೆ ಯಾರೂ ಹೇಳಿರಲಿಲ್ಲ. ಬ್ಯಾಂಕೋ, ಫ್ಲಿಯಾನ್ಸ್ ಇಬ್ಬರೂ ಮೊದಲು ಕಾಣಿಸಿಕೊಳ್ಳುವುದೇ ಅವನ ಪುಸ್ತಕದಲ್ಲಿ. ಅವನ ಕಥೆಯಂತೆ ಫ್ಲಿಯಾನ್ಸ್ ವೇಲ್ಸ್‌ಗೆ ಓಡಿಹೋಗಿ ಅಲ್ಲಿಯ ರಾಜಕುಮಾರಿಯಲ್ಲಿ ಮಗನನ್ನು ಪಡೆಯುತ್ತಾನೆ. ಆ ಮಗ ವಾಲ್ಟರ್ ಸ್ಕಾಟ್ಲೆಂಡಿಗೆ ಮರಳಿ ಮೂರನೆಯ ಮಾಲ್ಕಮ್ ದೊರೆಯ ಕೈಕೆಳಗೆ ಸ್ಟೀವರ್ಡ್ ಆಗುತ್ತಾನೆ. ಬೋಯಿಸ್ ಬರೆಯುವ ಹೊತ್ತಿಗೆ ಸ್ಟೀವರ್ಟರು ಸಿಂಹಾಸನ ಏರಿ ಒಂದೂವರೆ ಶತಮಾನವಾಗಿತ್ತು. ಅಂಥವರಿಗೆ ಹಳೆಯ ಸ್ಕಾಟ್ ರಕ್ತದ ಒಬ್ಬ ಅಜ್ಜ ಬೇಕೇ ಬೇಕಿತ್ತು.

ಇನ್ನೊಂದು ತಮಾಷೆ. ಬೋಯಿಸ್‌ನ ಕಥೆಯಲ್ಲಿ ಡಂಕನ್ ದೊರೆಯ ಕೊಲೆಯಲ್ಲಿ ಬ್ಯಾಂಕೋನೂ ಪಾಲುದಾರ. ಷೇಕ್ಸ್‌ಪಿಯರ್ ಅದನ್ನು ಸದ್ದಿಲ್ಲದೆ ತೆಗೆದುಹಾಕಿದ. ಆಗ ಲಂಡನ್ನಿನಲ್ಲಿ ಸಿಂಹಾಸನದ ಮೇಲಿದ್ದವನು ಸ್ಟುವರ್ಟ್ ವಂಶದ ಜೇಮ್ಸ್. ದೊರೆಯ ಅಜ್ಜನನ್ನು ಕೊಲೆಗಾರನೆಂದು ರಂಗದ ಮೇಲೆ ತೋರಿಸಿ ನಾಟಕದವರು ಬದುಕುವುದುಂಟೆ?

ನಾನು ದಿನವಿಡೀ ದತ್ತಾಂಶ ತಾಳೆ ನೋಡುವ ಕೆಲಸದವನು. ಇಸವಿಗಳನ್ನು ಪಕ್ಕಪಕ್ಕ ಇಟ್ಟೆ. ನಿಜವಾದ ಮ್ಯಾಕ್‌ಬೆತ್ ಆಳಿದ್ದು 1040ರಿಂದ 1057. ಮೂರನೆಯ ಮಾಲ್ಕಮ್ ಸತ್ತದ್ದು 1093ರಲ್ಲಿ. ಪೈಸ್ಲಿಯ ವಾಲ್ಟರ್ ಸತ್ತದ್ದು 1177ರಲ್ಲಿ. ಮಾಲ್ಕಮ್‌ನ ಕೊನೆಯ ವರ್ಷ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದ್ದರೂ ಸಾಯುವಾಗ ಅವನಿಗೆ ನೂರು ದಾಟಿರಬೇಕು! ವಾಲ್ಟರನಿಗೆ ಜಮೀನು, ಹುದ್ದೆ ಕೊಟ್ಟವನು ಮಾಲ್ಕಮ್ ಅಲ್ಲ, ಅವನ ಮಗ ಒಂದನೆಯ ಡೇವಿಡ್. ಆ ಹುದ್ದೆಯನ್ನು ವಂಶಪಾರಂಪರ್ಯವಾಗಿ ಖಾಯಂ ಮಾಡಿದವನು ಡೇವಿಡ್‌ನ ಮೊಮ್ಮಗ ನಾಲ್ಕನೆಯ ಮಾಲ್ಕಮ್.

ಹಾಗಾದರೆ ವಾಲ್ಟರ್ ಎಲ್ಲಿಂದ ಬಂದ? ಅವನ ಹೆಸರೇ ಅರ್ಧ ಹೇಳುತ್ತದೆ. ‘ಫಿಟ್ಸ್’ ಎಂದರೆ ಆ ಕಾಲದ ಫ್ರೆಂಚಿನಲ್ಲಿ ಮಗ. ಫಿಟ್ಸ್ ಅಲನ್, ಅಲನ್‌ನ ಮಗ. ಗ್ಲಾಸ್ಗೋದ ಬ್ಯಾಂಕಿನಲ್ಲಿ ನನ್ನ ‘ಸರ್‌ನೇಮ್’ ಕೇಳಿದಾಗ ನಾನು ಅಪ್ಪನ ಹೆಸರು ಬರೆದುಕೊಟ್ಟಿದ್ದೆ. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಅಪ್ಪ ಒಂದು ಇನಿಷಿಯಲ್ ಆಗಿ ನಿಂತಿದ್ದಾರೆ. ಹಾಗಾಗಿ ಈ ಲೆಕ್ಕ ನನಗೆ ಹೊಸದಾಗಿ ಕಾಣಲಿಲ್ಲ.

ಆದರೆ ಯಾವ ಅಲನ್? ಸುಳಿವು ಪೈಸ್ಲಿಯ ಮಠದ ದಾಖಲೆಯಲ್ಲೇ ಇತ್ತು. 1163ರ ಸುಮಾರಿಗೆ ಮಠ ಶುರುಮಾಡಲು ವಾಲ್ಟರ್ 13 ಸನ್ಯಾಸಿಗಳನ್ನು ಕರೆಸಿದ್ದು ಸ್ಕಾಟ್ಲೆಂಡಿನೊಳಗಿನಿಂದಲ್ಲ, ದೂರದ ಇಂಗ್ಲೆಂಡಿನ ಶ್ರಾಪ್‌ಶೈರ್ ಸೀಮೆಯ ವೆನ್‌ಲಾಕ್‌ನಿಂದ. ವೆನ್‌ಲಾಕ್‌ನ ಸಂತೆ ಮಿಲ್ಬರ್ಗಾಳ ಹೆಸರನ್ನೂ ಹೊಸ ಮಠಕ್ಕೆ ಸೇರಿಸಿದ. ಊರು ಬಿಟ್ಟು ಬಂದವರು ಊರ ದೇವರನ್ನು ಜತೆಗೆ ತರುವುದು ನಮಗೆ ಗೊತ್ತಿರುವ ಸಂಗತಿಯೇ. ಅದೇ ಶ್ರಾಪ್‌ಶೈರ್‌ನಲ್ಲಿ, ವೇಲ್ಸ್ ಗಡಿಯ ಆಸ್ವೆಸ್ಟ್ರಿಯ ಒಡೆಯನಾಗಿದ್ದವನು ಫ್ಲಾಡ್‌ನ ಮಗ ಅಲನ್. ಅವನ ಮಗ ವಿಲಿಯಂ ಆಸ್ತಿಗೆ ಬಂದ. ವಿಲಿಯಂನ ತಮ್ಮ ನಮ್ಮ ವಾಲ್ಟರ್. ಕಿರಿಯ ಮಗನಿಗೆ ಮನೆಯಲ್ಲಿ ಪಾಲಿರಲಿಲ್ಲ. ಸ್ಟೀಫನ್ ಮತ್ತು ಮಟಿಲ್ಡಾ ಇಂಗ್ಲೆಂಡಿನ ಪಟ್ಟಕ್ಕೆ ಕಾದಾಡುತ್ತಿದ್ದಾಗ ಈ ಅಣ್ಣತಮ್ಮಂದಿರು ಮಟಿಲ್ಡಾಳ ಕಡೆ ನಿಂತರು. ಮಟಿಲ್ಡಾಳ ಸೋದರಮಾವನೇ ಸ್ಕಾಟ್ಲೆಂಡಿನ ಡೇವಿಡ್. ವಾಲ್ಟರನಿಗೆ ಬಾಗಿಲು ತೆರೆದದ್ದು ಅಲ್ಲಿ.

1807ರಲ್ಲಿ ಜಾರ್ಜ್ ಚಾಮರ್ಸ್ ಎಂಬ ಸಂಶೋಧಕ ವಾಲ್ಟರನನ್ನು ಈ ಮನೆಗೆ ಸೇರಿಸಿದ. ಅದರಿಂದ ಹಿಂದಕ್ಕೆ ಹೋದವನು 1901ರಲ್ಲಿ ಪುಸ್ತಕ ಪ್ರಕಟಿಸಿದ ಜೆ. ಹೆಚ್. ರೌಂಡ್. ಸುಳ್ಳು ವಂಶಾವಳಿ ಕಂಡರೆ ಉರಿದುಬೀಳುತ್ತಿದ್ದ ಮನುಷ್ಯ. ಓದಲು ಬಲು ಖುಷಿ. ಅವನ ಕೈಗೆ ಸಿಕ್ಕಿದ್ದು ಫ್ರಾನ್ಸಿನ ಸೋಮೂರ್‌ನ ಸಂತ ಫ್ಲೋರೆಂಟ್ ಮಠದ ದಾನಪತ್ರಗಳು. ಆ ಮಠದ ಶಾಖೆಯೊಂದು ವೇಲ್ಸ್ ಗಡಿಯ ಮನ್ಮತ್‌ನಲ್ಲಿತ್ತು. 1101ರ ಸುಮಾರಿಗೆ ಅಲ್ಲಿನ ಚರ್ಚಿನ ಪ್ರತಿಷ್ಠಾಪನೆಗೆ ಬಂದವರ ಪಟ್ಟಿಯಲ್ಲಿ ಫ್ಲಾಡ್ ಇದ್ದಾನೆ. ಸುಮ್ಮನೆ ಫ್ಲಾಡ್ ಎಂದಲ್ಲ, ‘ಡಾಪಿಫರ್’ ಅಲನ್‌ನ ಮಗ ಎಂದು.

ಡಾಪಿಫರ್ ಎಂದರೆ ಅಕ್ಷರಶಃ ಊಟ ಹೊತ್ತು ತರುವವನು. ಈ ಅಲನ್ ಬ್ರಿಟನಿಯ ಡೋಲ್ ಎಂಬ ಊರಿನ ಧರ್ಮಾಧ್ಯಕ್ಷರ ಪಾರುಪತ್ಯಗಾರ. ವಾಲ್ಟರನ ಮುತ್ತಜ್ಜ ಇವನೇ. ಸಮುದ್ರ ದಾಟಿ, ಎರಡು ರಾಜ್ಯ ದಾಟಿ, ಮರಿಮಗ ಹಿಡಿದದ್ದೂ ಅದೇ ಕೆಲಸ.

ಈ ಪತ್ರಗಳನ್ನು ಬರೆದವರು ಯಾರೂ ವಂಶ ಹೊಗಳಲು ಬರೆದವರಲ್ಲ. ಜಮೀನು ಯಾರು ಕೊಟ್ಟರು, ಸಾಕ್ಷಿ ಯಾರಿದ್ದರು ಎಂದು ಗುರುತಿಟ್ಟುಕೊಂಡ ಮಠದ ಗುಮಾಸ್ತರು. ನಾಳೆ ತಕರಾರು ಬಂದರೆ ಬೇಕಾಗುತ್ತದೆಂದು ಅಪ್ಪನ ಹೆಸರು ಸರಿಯಾಗಿ ಬರೆದರು. ಬೋಯಿಸ್‌ಗೆ ಆ ಅಗತ್ಯವಿರಲಿಲ್ಲ. ಆದರೂ ಅವನು ವೇಲ್ಸ್ ಎಂದದ್ದರಲ್ಲಿ ಒಂದು ಚೂರು ಸತ್ಯ ಉಳಿದಿತ್ತೇನೋ ಎಂದು ನನಗೆ ಅನ್ನಿಸುತ್ತದೆ. ವಾಲ್ಟರ್ ಬಂದದ್ದು ಆ ಗಡಿಯಿಂದಲೇ ಅಲ್ಲವೆ?

ಪೈಸ್ಲಿಯ ಮಠವನ್ನು 1307ರಲ್ಲಿ ಇಂಗ್ಲಿಷರು ಸುಟ್ಟರು. ಈಗ ಕಾಣುವುದರಲ್ಲಿ ಹೆಚ್ಚಿನದು ಆಮೇಲಿನದು. ಒಳಗೆ ಮಾರ್ಜರಿಯದೆಂದು ಹೇಳುವ ಕಲ್ಲಿನ ಸಮಾಧಿ ಇದೆ. ಅವಳು ರಾಬರ್ಟ್ ಬ್ರೂಸ್ ದೊರೆಯ ಮಗಳು. 1315ರಲ್ಲಿ ಆರನೆಯ ಸ್ಟೀವರ್ಡ್ ಅವಳನ್ನು ಮದುವೆಯಾದ. ಅವನ ಹೆಸರೂ ವಾಲ್ಟರ್. ಅವರ ಮಗ 1371ರಲ್ಲಿ ಎರಡನೆಯ ರಾಬರ್ಟ್ ಎಂದು ಪಟ್ಟಕ್ಕೆ ಬಂದ. ಸ್ಟುವರ್ಟ್ ದೊರೆತನ ಶುರುವಾದದ್ದು ಹೀಗೆ, ಮಾಟಗಾತಿಯರ ಮಾತಿನಿಂದಲ್ಲ, ಒಂದು ಮದುವೆಯಿಂದ.

ಊರಿಗೆ ಬಂದಾಗ ನಿವೃತ್ತರಾಗಿದ್ದ ಮೇಷ್ಟ್ರ ಮನೆಗೆ ಹೋಗಿ ಇಷ್ಟನ್ನೂ ಹೇಳಿದೆ. ಅವರಿಗೆ ನನ್ನ ಭಿತ್ತಿಪತ್ರಿಕೆಯ ಲೇಖನ ನೆನಪೇ ಇರಲಿಲ್ಲ. ಕಾಫಿ ಮುಗಿಯುವವರೆಗೂ ಕೇಳಿದರು. ಆಮೇಲೆ, “ವಾಲ್ಟರ್, ಅಲನ್, ಫ್ಲಾಡ್, ಮತ್ತೆ ಅಲನ್, ನಾಲ್ಕು ತಲೆಮಾರು ಆಯಿತು. ನಿನ್ನವು ನಾಲ್ಕು ಹೇಳು ನೋಡೋಣ” ಎಂದರು. ನಾನು ಮೂರರ ತನಕ ಹೇಳಿ ನಿಂತೆ.