ಒಣ ಕಸದ ಲೆಕ್ಕ: ಮರುಬಳಕೆಯ ಖರ್ಚನ್ನು ಹೊರಬೇಕಾದವರು ಯಾರು?

ಹಳೆಯ ಪೇಪರ್, ಖಾಲಿ ಬಾಟಲಿ ಕೊಳ್ಳುವವರ ಕೂಗು ನಗರದ ಬೀದಿಗಳಲ್ಲಿ ಇನ್ನೂ ಪೂರ್ತಿ ಮರೆಯಾಗಿಲ್ಲ. ರದ್ದಿಯನ್ನು ತೂಕಕ್ಕೆ ಹಾಕಿ ಹಣ ಎಣಿಸಿಕೊಳ್ಳುವುದು ಕನ್ನಡಿಗರ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದ ರೂಢಿ. ಈ ರೂಢಿಯಿಂದಲೇ ಒಂದು ನಂಬಿಕೆಯೂ ಬೆಳೆದಿದೆ. ಕಸದಿಂದ ರಸ ತೆಗೆಯಬಹುದಾದ ಕಾರಣ ಮರುಬಳಕೆಯ ಕೆಲಸ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಬೇಕು, ನಗರಾಡಳಿತವಾಗಲಿ ನಾಗರಿಕರಾಗಲಿ ಅದಕ್ಕೆ ಹಣ ಕೊಡುವ ಅಗತ್ಯವಿಲ್ಲ ಎಂಬುದು ಆ ನಂಬಿಕೆ.

ಈ ನಂಬಿಕೆ ಅರ್ಧ ಮಾತ್ರ ನಿಜ. ರದ್ದಿ ಕಾಗದಕ್ಕೆ ಬೆಲೆಯಿದೆ. ಮಕ್ಕಳು ತಿಂದೆಸೆದ ಚಿಪ್ಸ್ ಪೊಟ್ಟಣಕ್ಕೆ ಇಲ್ಲ. ಬೆಲೆ ಬಾಳುವುದನ್ನು ಮಾರುಕಟ್ಟೆ ತಾನಾಗಿಯೇ ಎತ್ತಿಕೊಂಡು ಹೋಗುತ್ತದೆ. ಬೆಲೆ ಬಾಳದ್ದು ಚರಂಡಿಗೆ, ಖಾಲಿ ನಿವೇಶನಕ್ಕೆ, ಬೀದಿಬದಿಯ ಬೆಂಕಿಗೆ, ಕೊನೆಗೆ ಊರಾಚೆಯ ಯಾವುದೋ ಹಳ್ಳಿಯ ಹೊಲದಂಚಿಗೆ ಸೇರುತ್ತದೆ. ನಗರವೊಂದು ಮರುಬಳಕೆಯ ವ್ಯವಸ್ಥೆ ಕಟ್ಟಬೇಕಾಗಿರುವುದು ಮುಖ್ಯವಾಗಿ ಈ ಎರಡನೆಯ ಪಾಲಿಗಾಗಿ. ಅದರ ಖರ್ಚನ್ನು ಯಾರು, ಯಾವ ಪ್ರಮಾಣದಲ್ಲಿ ಹೊರಬೇಕೆಂಬುದು ಇತ್ಯರ್ಥವಾಗದೆ ವ್ಯವಸ್ಥೆ ನಿಲ್ಲುವುದಿಲ್ಲ.

ಬೆಂಗಳೂರು ಕಲಿತ ಪಾಠ

ಈ ವಿಷಯದಲ್ಲಿ ಬೆಂಗಳೂರಿನಷ್ಟು ಪೆಟ್ಟು ತಿಂದು ಕಲಿತ ನಗರಗಳು ದೇಶದಲ್ಲಿ ಕಡಿಮೆ. ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟ್‌ಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯು ದೇಶಕ್ಕೆ 2000ನೇ ಇಸವಿಯ ಪುರಸಭಾ ಘನತ್ಯಾಜ್ಯ ನಿಯಮಗಳು ಬರಲು ಕಾರಣವಾಯಿತು. ಆದರೆ ನಿಯಮ ಬಂದ ಮೇಲೂ ನಗರದ ಕಸ ಬೆರಕೆಯಾಗಿಯೇ ಲಾರಿ ಏರುತ್ತಿತ್ತು. 2012ರಲ್ಲಿ ಮಾವಳ್ಳಿಪುರದ ಭರ್ತಿ ಜಾಗ ಮುಚ್ಚಿದಾಗ ಬೀದಿಬೀದಿಗಳಲ್ಲಿ ಕಸದ ರಾಶಿ ಬಿದ್ದಿತು. ಅದೇ ವರ್ಷದ ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ವಿಂಗಡಿಸುವುದು ಕಡ್ಡಾಯವೆಂದು ಅಂದಿನ ಮಹಾನಗರ ಪಾಲಿಕೆ ಘೋಷಿಸಿತು. ಗ್ರಾಮಸ್ಥರ ಹೋರಾಟದ ಫಲವಾಗಿ 2014ರ ಕೊನೆಗೆ ಮಂಡೂರಿಗೂ ಕಸ ಹೋಗುವುದು ನಿಂತಿತು. ಬಳಿಕ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲು ಕ್ವಾರಿಗಳ ಸರದಿ ಬಂತು.

2015ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎರಡು ಬುಟ್ಟಿ, ಒಂದು ಚೀಲದ ಪದ್ಧತಿಯನ್ನು ಕಡ್ಡಾಯಗೊಳಿಸಿತು. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಮುಂತಾದ ತಿರಸ್ಕೃತ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ ಎಂಬುದು ಇದರ ಸಾರ. ವಾರ್ಡುಗಳಲ್ಲಿ ಒಣ ತ್ಯಾಜ್ಯ ಸಂಗ್ರಹ ಕೇಂದ್ರಗಳು ತಲೆಯೆತ್ತಿದವು. ಚಿಂದಿ ಆಯುವವರಿಗೆ ಪಾಲಿಕೆ ಗುರುತಿನ ಚೀಟಿ ನೀಡಿತು. ಹಸಿರು ದಳದಂತಹ ಸಂಸ್ಥೆಗಳ ನೆರವಿನಿಂದ, ಒಂದು ಕಾಲಕ್ಕೆ ಬೀದಿಯಲ್ಲಿ ಚೀಲ ಹೊತ್ತು ತಿರುಗುತ್ತಿದ್ದವರು ಈ ಕೇಂದ್ರಗಳನ್ನು ನಡೆಸತೊಡಗಿದರು. ದೇಶದ ಇತರ ನಗರಗಳು ನೋಡಿ ಕಲಿಯುವಂತಹ ವ್ಯವಸ್ಥೆ ಇದು. ಆದರೂ ಇದಕ್ಕೆ ಹಣದ ಮೂಲ ಯಾವುದೆಂಬ ಪ್ರಶ್ನೆಗೆ ಸ್ಪಷ್ಟ ಉತ್ತರವನ್ನು ಆರಂಭದಲ್ಲಿ ಯಾರೂ ಬರೆದಿಡಲಿಲ್ಲ. ಕಸ ಮಾರಿ ಬಂದ ಹಣದಲ್ಲೇ ಕೇಂದ್ರ ನಡೆಯುತ್ತದೆ ಎಂಬ ಹಳೆಯ ನಂಬಿಕೆಯೇ ಬಹುಕಾಲ ಆ ಉತ್ತರದ ಜಾಗದಲ್ಲಿ ಕುಳಿತಿತ್ತು.

ಚೀಲದೊಳಗೆ ಏನಿದೆ?

ಮನೆಯೊಂದರ ಒಣ ಕಸದ ಚೀಲವನ್ನು ಸುರಿದು ನೋಡಿದರೆ ಮೂರು ಬಗೆಯ ವಸ್ತುಗಳು ಕಾಣುತ್ತವೆ. ಮೊದಲನೆಯದು ಒಳ್ಳೆಯ ಬೆಲೆಯಿರುವವು: ದಿನಪತ್ರಿಕೆ, ರಟ್ಟಿನ ಪೆಟ್ಟಿಗೆ, ನೀರಿನ ಬಾಟಲಿ, ಹಾಲಿನ ಕವರ್, ಕಬ್ಬಿಣ, ಅಲ್ಯೂಮಿನಿಯಂ. ಇವುಗಳಿಗೆ ಜಾಲಿ ಮೊಹಲ್ಲಾ, ನಾಯಂಡಹಳ್ಳಿಗಳಂತಹ ಗುಜರಿ ಪೇಟೆಗಳಲ್ಲಿ ಸದಾ ಗಿರಾಕಿಗಳಿದ್ದಾರೆ. ಎರಡನೆಯದು ಅಲ್ಪ ಬೆಲೆಯವು: ಗಾಜು, ತೆಳು ಪ್ಲಾಸ್ಟಿಕ್ ಚೀಲ, ಹಣ್ಣಿನ ರಸದ ಕಾಗದದ ಪೊಟ್ಟಣ. ಗಾಜು ಭಾರವಾದ್ದರಿಂದ ಸಾಗಣೆ ವೆಚ್ಚವೇ ಬೆಲೆಯನ್ನು ನುಂಗುತ್ತದೆ. ರಸದ ಪೊಟ್ಟಣದಲ್ಲಿ ಕಾಗದ, ಪ್ಲಾಸ್ಟಿಕ್, ಅಲ್ಯೂಮಿನಿಯಂ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವನ್ನು ಬೇರ್ಪಡಿಸಬಲ್ಲ ಗಿರಣಿಗಳೇ ಬೇಕು. ಮೂರನೆಯದು ಬೆಲೆಯೇ ಇಲ್ಲದವು: ಬಿಸ್ಕತ್ತು, ಚಿಪ್ಸ್, ಶಾಂಪೂಗಳ ಬಹುಪದರದ ಪೊಟ್ಟಣ, ಥರ್ಮೋಕೋಲ್, ಹರಿದ ಚಪ್ಪಲಿ, ಹಳೆಯ ಬಟ್ಟೆಯ ತುಂಡು. ಇವು ಹೆಚ್ಚೆಂದರೆ ದೂರದ ಸಿಮೆಂಟ್ ಕಾರ್ಖಾನೆಯ ಗೂಡಿನಲ್ಲಿ ಇಂಧನವಾಗಬಲ್ಲವು. ಅಲ್ಲಿಗೆ ಒಯ್ಯುವುದಕ್ಕೂ ಲಾರಿ ಬಾಡಿಗೆ ತೆರಬೇಕು.

ಸಮಸ್ಯೆಯ ಗಂಟು ಇರುವುದು ಇಲ್ಲಿಯೇ. ಸಂಗ್ರಹಿಸುವ ಆಟೊ, ಚಾಲಕನ ಸಂಬಳ, ವಿಂಗಡಿಸುವವರ ಕೂಲಿ, ಕೇಂದ್ರದ ವಿದ್ಯುತ್, ಬೇಲ್ ಕಟ್ಟುವ ಯಂತ್ರ ಇವೆಲ್ಲ ಮೂರೂ ಬಗೆಗೆ ಒಂದೇ ತೆರನಾಗಿ ತಗಲುವ ಖರ್ಚುಗಳು. ಆದಾಯ ಬರುವುದು ಮಾತ್ರ ಮೊದಲನೆಯ ಬಗೆಯಿಂದ. ಅದರಲ್ಲಿಯೂ ಒಳ್ಳೆಯ ಮಾಲನ್ನು ಮನೆಯವರೇ ಗುಜರಿ ಅಂಗಡಿಗೆ ಹಾಕಿರುತ್ತಾರೆ, ಇಲ್ಲವೇ ದಾರಿಯಲ್ಲಿ ಬೇರೆಯವರು ಆರಿಸಿಕೊಂಡಿರುತ್ತಾರೆ. ಕೇಂದ್ರ ತಲುಪುವ ಚೀಲದಲ್ಲಿ ಉಳಿದಿರುವುದು ಹೆಚ್ಚಾಗಿ ಎರಡನೆಯ ಮತ್ತು ಮೂರನೆಯ ಬಗೆ.

ಇದರ ಮೇಲೆ ಮಾರುಕಟ್ಟೆಯ ಏರಿಳಿತ ಬೇರೆ. ಕಚ್ಚಾ ತೈಲದ ಬೆಲೆ ಇಳಿದರೆ ಹೊಸ ಪ್ಲಾಸ್ಟಿಕ್ ಅಗ್ಗವಾಗುತ್ತದೆ, ಮರುಬಳಕೆಯ ಪ್ಲಾಸ್ಟಿಕ್ ಕೇಳುವವರು ಕಡಿಮೆಯಾಗುತ್ತಾರೆ. 2008ರ ಜಾಗತಿಕ ಹಿಂಜರಿತದಲ್ಲಿ ರದ್ದಿಯ ದರ ಕುಸಿದದ್ದು, 2018ರಲ್ಲಿ ಚೀನಾ ವಿದೇಶಿ ಪ್ಲಾಸ್ಟಿಕ್ ತ್ಯಾಜ್ಯಕ್ಕೆ ಬಾಗಿಲು ಹಾಕಿದಾಗ ಶ್ರೀಮಂತ ದೇಶಗಳ ನಗರಗಳೂ ಕಂಗಾಲಾದದ್ದು ಇದಕ್ಕೆ ನಿದರ್ಶನ. ಮನೆಯ ಕಸ ಮಾತ್ರ ದರ ನೋಡಿಕೊಂಡು ಹುಟ್ಟುವುದಿಲ್ಲ. ದರ ಬಿದ್ದ ವಾರವೂ ಆಟೊ ಬೀದಿಗೆ ಬರಲೇಬೇಕು.

ಹಣದ ಮೂರು ಮೂಲಗಳು

ಹೀಗಾಗಿ ಖರ್ಚನ್ನು ಮೂರು ಭಾಗ ಮಾಡಿ, ಒಂದೊಂದನ್ನು ಒಬ್ಬೊಬ್ಬರ ಹೆಗಲಿಗೆ ಹೊರಿಸುವುದೇ ನ್ಯಾಯವಾದ ಹಾಗೂ ಬಾಳಿಕೆ ಬರುವ ದಾರಿ. ಮನೆಬಾಗಿಲಿನಿಂದ ಕೇಂದ್ರದವರೆಗಿನ ಸಂಗ್ರಹ ವೆಚ್ಚ ನಾಗರಿಕ ಸೇವೆ. ನೀರು, ಬೀದಿದೀಪಗಳಂತೆ ಅದಕ್ಕೆ ನಾಗರಿಕರು ಶುಲ್ಕ ಅಥವಾ ತೆರಿಗೆಯ ರೂಪದಲ್ಲಿ ಹಣ ಕೊಡಬೇಕು. ಬೆಲೆಯುಳ್ಳ ಮಾಲಿನ ಮಾರಾಟದ ಹಣ ವಿಂಗಡಿಸಿದವರ ದುಡಿಮೆಗೆ ಸಲ್ಲಬೇಕು. ಬೆಲೆಯಿಲ್ಲದ ಪೊಟ್ಟಣಗಳ ವಿಲೇವಾರಿ ವೆಚ್ಚವನ್ನು ಆ ಪೊಟ್ಟಣಗಳನ್ನು ಪೇಟೆಗೆ ಬಿಟ್ಟ ಕಂಪನಿಗಳು ಭರಿಸಬೇಕು.

ಇದು ಹೊಸ ವಿಚಾರವಲ್ಲ. ಜರ್ಮನಿ 1991ರಷ್ಟು ಹಿಂದೆಯೇ ಪ್ಯಾಕಿಂಗ್ ಸಾಮಗ್ರಿಯ ಹೊಣೆಯನ್ನು ತಯಾರಕರ ಮೇಲೆ ಹಾಕಿತು. ಅಲ್ಲಿ ಹಳದಿ ಚೀಲ ಅಥವಾ ಹಳದಿ ತೊಟ್ಟಿಗೆ ಬೀಳುವ ಪೊಟ್ಟಣಗಳ ಸಂಗ್ರಹಕ್ಕೆ ಮನೆಯವರು ಪ್ರತ್ಯೇಕ ಶುಲ್ಕ ಕೊಡುವುದಿಲ್ಲ; ಕಂಪನಿಗಳು ಪೊಟ್ಟಣದ ತೂಕ ಮತ್ತು ಬಗೆಯನ್ನು ಆಧರಿಸಿ ಹಣ ಕಟ್ಟುತ್ತವೆ. 2003ರಿಂದ ಒಮ್ಮೆ ಬಳಸಿ ಬಿಸಾಡುವ ಪಾನೀಯ ಬಾಟಲಿಗಳಿಗೆ ಠೇವಣಿಯೂ ಜಾರಿಯಲ್ಲಿದೆ. ದಕ್ಷಿಣ ಕೊರಿಯಾ 1995ರಿಂದ ಬೇರೊಂದು ಉಪಾಯ ಹೂಡಿತು. ಬೆರಕೆ ಕಸವನ್ನು ಹಣ ಕೊಟ್ಟು ಕೊಂಡ ಅಧಿಕೃತ ಚೀಲದಲ್ಲೇ ಹಾಕಬೇಕು; ವಿಂಗಡಿಸಿದ ಮರುಬಳಕೆ ವಸ್ತುವಿಗೆ ಚೀಲದ ಶುಲ್ಕವಿಲ್ಲ. ವಿಂಗಡಿಸದವರ ಜೇಬಿಗೆ ಕತ್ತರಿ ಬೀಳುವ ಈ ಕ್ರಮ ಉಪದೇಶಕ್ಕಿಂತ ಪರಿಣಾಮಕಾರಿಯಾಯಿತು.

ನಮ್ಮ ನೆರೆಯ ಪುಣೆಯ ಮಾದರಿ ನಮ್ಮ ಪರಿಸ್ಥಿತಿಗೆ ಇನ್ನೂ ಹತ್ತಿರವಾದದ್ದು. ಅಲ್ಲಿ ಚಿಂದಿ ಆಯುವವರೇ ಒಡೆಯರಾದ 'ಸ್ವಚ್ಛ್' ಸಹಕಾರ ಸಂಘವು 2008ರಿಂದ ಪಾಲಿಕೆಯೊಂದಿಗಿನ ಒಪ್ಪಂದದ ಮೇರೆಗೆ ಮನೆಮನೆಯ ಕಸ ಸಂಗ್ರಹಿಸುತ್ತ ಬಂದಿದೆ. ಸದಸ್ಯರು ಪ್ರತಿ ಮನೆಯಿಂದ ತಿಂಗಳ ಶುಲ್ಕ ಪಡೆಯುತ್ತಾರೆ, ಒಣ ಕಸ ಮಾರಿದ ಹಣವನ್ನೂ ತಾವೇ ಇಟ್ಟುಕೊಳ್ಳುತ್ತಾರೆ. ಆಡಳಿತ ವೆಚ್ಚ, ಸಲಕರಣೆಗಳಿಗೆ ಪಾಲಿಕೆಯ ನೆರವಿದೆ. ಕೆಲಸಗಾರರಿಗೆ ಎರಡು ಆದಾಯಗಳಿರುವುದರಿಂದ ಪೇಟೆಯ ದರ ಬಿದ್ದರೂ ಸಂಗ್ರಹ ನಿಲ್ಲಬೇಕಾಗಿಲ್ಲ.

ಶುಲ್ಕ ಹೇಗಿರಬೇಕು?

ಕಸ ಉತ್ಪಾದಿಸುವವರು ಬಳಕೆದಾರರ ಶುಲ್ಕ ಕೊಡಬೇಕೆಂದು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಪಷ್ಟವಾಗಿ ಹೇಳಿದವು. ಬೆಂಗಳೂರಿನಲ್ಲಿ 2025ರ ಏಪ್ರಿಲ್‌ನಿಂದ ಈ ಶುಲ್ಕ ಆಸ್ತಿ ತೆರಿಗೆಯ ಜೊತೆ ಸೇರಿತು. 600 ಚದರ ಅಡಿವರೆಗಿನ ವಸತಿ ಕಟ್ಟಡಕ್ಕೆ ತಿಂಗಳಿಗೆ 10 ರೂಪಾಯಿ, 4,000 ಚದರ ಅಡಿ ಮೀರಿದ್ದಕ್ಕೆ 400 ರೂಪಾಯಿ ಎಂದು ದರ ಗೊತ್ತುಮಾಡಲಾಯಿತು. ಚಿಕ್ಕ ಮನೆಗೆ ಕಡಿಮೆ, ದೊಡ್ಡ ಮನೆಗೆ ಹೆಚ್ಚು ಎಂಬ ತತ್ವ ಒಪ್ಪತಕ್ಕದ್ದೇ. ತೆರಿಗೆಯೊಂದಿಗೆ ಸೇರಿರುವುದರಿಂದ ವಸೂಲಿಗೆ ಬೇರೆ ಸಿಬ್ಬಂದಿಯೂ ಬೇಕಿಲ್ಲ.

ಆದರೆ ಕಟ್ಟಡದ ವಿಸ್ತೀರ್ಣವನ್ನು ಮಾತ್ರ ನೋಡುವ ಶುಲ್ಕದಲ್ಲಿ ಒಂದು ಕೊರತೆ ಉಳಿಯುತ್ತದೆ. ಶ್ರದ್ಧೆಯಿಂದ ಕಸ ವಿಂಗಡಿಸುವ ಮನೆಗೂ, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವ ಮನೆಗೂ ಒಂದೇ ದರ. ಕೊರಿಯಾದ ಚೀಲ ಪದ್ಧತಿಯನ್ನು ಇಲ್ಲಿ ಯಥಾವತ್ತಾಗಿ ತಂದರೆ, ಚೀಲದ ಹಣ ಉಳಿಸಲು ಕಸವನ್ನು ರಸ್ತೆ ಮೂಲೆಗೆ ಎಸೆಯುವವರು ಹೆಚ್ಚಬಹುದು. ಬದಲಿಗೆ, ಬಡಾವಣೆ ಅಥವಾ ಬೀದಿಯ ಮಟ್ಟದಲ್ಲಿ ವಿಂಗಡಣೆಯ ಪ್ರಮಾಣ ನೋಡಿ ಶುಲ್ಕದಲ್ಲಿ ರಿಯಾಯಿತಿ ಕೊಡುವುದು, ಬೆರಕೆ ಕಸಕ್ಕೆ ದಂಡ ವಿಧಿಸುವುದು ಸಾಧ್ಯ. ಬಾಡಿಗೆ ಮನೆಗಳು ತುಂಬಿರುವ ನಗರದಲ್ಲಿ ಶುಲ್ಕದ ಬಿಲ್ಲು ಮಾಲೀಕರಿಗೆ ಹೋಗುತ್ತದೆ, ಕಸ ಹಾಕುವವರು ಬಾಡಿಗೆದಾರರು ಎಂಬುದನ್ನೂ ಮರೆಯುವಂತಿಲ್ಲ.

ಇದಕ್ಕಿಂತಲೂ ಮುಖ್ಯವಾದದ್ದು ವಿಶ್ವಾಸ. ಶುಲ್ಕದ ಹಣ ಸಾಮಾನ್ಯ ಖಜಾನೆಯಲ್ಲಿ ಕರಗಿಹೋದರೆ, ತಾವು ಬೇರ್ಪಡಿಸಿ ಕೊಟ್ಟ ಒಣ ಕಸ ಲಾರಿಯಲ್ಲಿ ಹಸಿ ಕಸದೊಂದಿಗೆ ಬೆರೆತದ್ದು ಕಂಡರೆ, ಜನ ಮರುದಿನದಿಂದಲೇ ವಿಂಗಡಿಸುವುದನ್ನು ಬಿಡುತ್ತಾರೆ. ಶುಲ್ಕಕ್ಕೆ ಪ್ರತ್ಯೇಕ ಖಾತೆ ಇರಬೇಕು. ಪ್ರತಿ ವಾರ್ಡಿನಲ್ಲಿ ಎಷ್ಟು ಸಂಗ್ರಹವಾಯಿತು, ಎಷ್ಟು ಮಾರಾಟವಾಯಿತು, ಎಷ್ಟು ಕ್ವಾರಿಗೆ ಹೋಯಿತು ಎಂಬ ತೂಕದ ಲೆಕ್ಕ ತಿಂಗಳಿಗೊಮ್ಮೆ ಜನರ ಮುಂದೆ ಬರಬೇಕು.

ಕಂಪನಿಗಳ ಪಾಲು

ಪ್ಲಾಸ್ಟಿಕ್ ಪೊಟ್ಟಣಗಳ ವಿಷಯದಲ್ಲಿ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯನ್ನು ಕೇಂದ್ರ ಸರ್ಕಾರ 2022ರ ಫೆಬ್ರವರಿಯ ಮಾರ್ಗಸೂಚಿಗಳ ಮೂಲಕ ಬಿಗಿಗೊಳಿಸಿತು. ಗಡಸು ಪ್ಲಾಸ್ಟಿಕ್, ಮೃದು ಪ್ಲಾಸ್ಟಿಕ್, ಬಹುಪದರದ ಪ್ಲಾಸ್ಟಿಕ್, ಗೊಬ್ಬರವಾಗಬಲ್ಲ ಪ್ಲಾಸ್ಟಿಕ್ ಎಂಬ ವರ್ಗಗಳನ್ನು ಮಾಡಿ ಕಂಪನಿಗಳಿಗೆ ವಾರ್ಷಿಕ ಗುರಿ ನಿಗದಿಪಡಿಸಲಾಯಿತು. ಗುರಿ ಮುಟ್ಟಿದ್ದಕ್ಕೆ ಸಾಕ್ಷಿಯಾಗಿ ಕಂಪನಿಗಳು ಪ್ರಮಾಣಪತ್ರಗಳನ್ನು ಕೊಳ್ಳಬಹುದು. ಗಮನಿಸಬೇಕಾದ ಸಂಗತಿಯೆಂದರೆ, ಈ ಪ್ರಮಾಣಪತ್ರ ಹುಟ್ಟುವುದು ನೋಂದಾಯಿತ ಸಂಸ್ಕರಣಾ ಘಟಕದಲ್ಲಿ. ಮನೆಬಾಗಿಲಿನಿಂದ ಪೊಟ್ಟಣವನ್ನು ಎತ್ತಿದ ನಗರಕ್ಕಾಗಲಿ, ಅದನ್ನು ಕೈಯಿಂದ ಆರಿಸಿದ ಹೆಣ್ಣುಮಗಳಿಗಾಗಲಿ ಇದರಿಂದ ತಾನಾಗಿಯೇ ಪಾಲು ಸಿಗುವುದಿಲ್ಲ. ಸಂಗ್ರಹ ಕೇಂದ್ರಗಳಲ್ಲಿ ತೂಗಿದ ಬೆಲೆಯಿಲ್ಲದ ಪೊಟ್ಟಣಕ್ಕೆ ಕಿಲೋ ಲೆಕ್ಕದಲ್ಲಿ ಕಂಪನಿಗಳಿಂದ ಹಣ ಬರುವಂತೆ ನಗರಗಳು ಒಪ್ಪಂದ ಮಾಡಿಕೊಂಡರೆ ಮಾತ್ರ ಚಿಪ್ಸ್ ಪೊಟ್ಟಣವೂ ಎತ್ತಲು ಯೋಗ್ಯವಾದ ವಸ್ತುವಾಗುತ್ತದೆ.

ಠೇವಣಿ ಪದ್ಧತಿಯೂ ನಮಗೆ ಅಪರಿಚಿತವಲ್ಲ. ಸೋಡಾ, ತಂಪು ಪಾನೀಯದ ಗಾಜಿನ ಬಾಟಲಿಗೆ ಗೂಡಂಗಡಿಯಲ್ಲಿ ಠೇವಣಿ ಇಡುತ್ತಿದ್ದ ಕಾಲ ಬಹಳ ಹಿಂದಿನದೇನಲ್ಲ. ಪಕ್ಕದ ನೀಲಗಿರಿಯಲ್ಲಿ 2022ರಿಂದ ಮದ್ಯದ ಬಾಟಲಿಗೆ 10 ರೂಪಾಯಿ ಹೆಚ್ಚುವರಿ ಪಡೆದು, ಖಾಲಿ ಬಾಟಲಿ ಮರಳಿಸಿದವರಿಗೆ ವಾಪಸು ಕೊಡುವ ಕ್ರಮ ಮದ್ರಾಸ್ ಹೈಕೋರ್ಟ್‌ನ ಸೂಚನೆಯಂತೆ ಜಾರಿಗೆ ಬಂತು.

ನಡೆಸುವ ಬಗೆ

ಆಡಳಿತದ ದೃಷ್ಟಿಯಿಂದ ಆಗಬೇಕಾದ್ದು ಸರಳವಾದ ಕೆಲವು ಕೆಲಸಗಳು. ಒಣ ಕಸಕ್ಕೆ ಪ್ರತ್ಯೇಕ ವಾಹನ, ಬೀದಿಗೊಂದು ನಿಗದಿತ ದಿನ ಮತ್ತು ಹೊತ್ತು. ಪ್ರತಿ ವಾರ್ಡಿಗೆ ಮಳೆ-ಬೆಂಕಿಗಳಿಂದ ರಕ್ಷಣೆಯಿರುವ, ತೂಕದ ಯಂತ್ರವುಳ್ಳ ಕೇಂದ್ರ. ಕೇಂದ್ರ ನಡೆಸುವವರೊಂದಿಗೆ ಕೆಲವು ವರ್ಷಗಳಾದರೂ ಬಾಳುವ ಕರಾರು. ತಿಂಗಳು ತಪ್ಪದೆ ಪಾವತಿ. ಬಂಡವಾಳವಿಲ್ಲದ ಸಣ್ಣ ನಿರ್ವಾಹಕರಿಗೆ ಮೂರು ತಿಂಗಳ ಬಿಲ್ಲು ತಡವಾದರೆ ಕೂಲಿ ಕೊಡಲು ಸಾಲವೇ ಗತಿ. ದೊಡ್ಡ ಗುತ್ತಿಗೆದಾರರು ತಡೆದುಕೊಳ್ಳಬಲ್ಲ ವಿಳಂಬ ಇವರನ್ನು ಮುಳುಗಿಸುತ್ತದೆ. 2026ರ ಏಪ್ರಿಲ್ 1 ಜಾರಿಯ ದಿನವೆಂದು ಗೊತ್ತುಮಾಡಿ ಕೇಂದ್ರ ಹೊರಡಿಸಿದ ಹೊಸ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಸ್ಯಾನಿಟರಿ, ವಿಶೇಷ ನಿಗಾ ಎಂಬ ನಾಲ್ಕು ಬಗೆಯ ವಿಂಗಡಣೆಯನ್ನು ಕೇಳುತ್ತವೆ. ಮನೆಯಲ್ಲಿ ಬುಟ್ಟಿಗಳು ಹೆಚ್ಚಿದಂತೆ ಬೀದಿಗೆ ಬರುವ ವಾಹನದ ವ್ಯವಸ್ಥೆಯೂ ಹೆಚ್ಚದಿದ್ದರೆ ನಿಯಮ ಕಾಗದದಲ್ಲೇ ಉಳಿಯುತ್ತದೆ.

ಖರ್ಚು ಮಾಡದಿದ್ದರೆ ಉಳಿತಾಯವಾಗುತ್ತದೆಂದು ತಿಳಿಯುವುದು ತಪ್ಪು. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು ಮಂದಾರದ ಮನೆ, ತೋಟಗಳ ಮೇಲೆ ಹರಿಯಿತು. ಅಡಿಕೆ, ತೆಂಗು ಬೆಳೆದಿದ್ದ ಕುಟುಂಬಗಳು ಊರು ಬಿಡಬೇಕಾಯಿತು. ನಗರ ತೆರದ ಹಣವನ್ನು ಆ ಕುಟುಂಬಗಳು ತೆತ್ತವು. ಮಾವಳ್ಳಿಪುರ, ಮಂಡೂರುಗಳ ಜನ ಅದನ್ನೇ ಕೆಟ್ಟ ನೀರು, ದುರ್ನಾತಗಳ ರೂಪದಲ್ಲಿ ವರ್ಷಗಟ್ಟಲೆ ತೆತ್ತಿದ್ದರು. ಮರುಬಳಕೆಗೆ ಖರ್ಚು ಇದ್ದೇ ಇದೆ. ಅದನ್ನು ಕಸ ಮಾಡಿದವರು ಲೆಕ್ಕವಿಟ್ಟು ಕೊಡದಿದ್ದಾಗ, ಆ ಕಸಕ್ಕೆ ಸಂಬಂಧವೇ ಇಲ್ಲದವರು ಲೆಕ್ಕವಿಲ್ಲದೆ ಕೊಡಬೇಕಾಗುತ್ತದೆ.